ಟೆರೇಸಿನ ಬೀಗ ಮತ್ತು ಸಿಡಿದ ನಕ್ಷತ್ರ

ಶಾಲೆಯ ಮೈದಾನದಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದವರು ಅವರು. ಕೊರಳಿನ ಸೀಟಿ ಮಾತ್ರ ನಿವೃತ್ತವಾಗಲಿಲ್ಲ. ಹಾಗಾಗಿ ಎಲ್ಲರಿಗೂ ಸೀಟಿ ಮಿಸ್ ಆಗಿಯೇ ಉಳಿದರು. ತಂಗಿಯ ಜೊತೆ ಐದಂತಸ್ತಿನ ಕಟ್ಟಡದ ಮೇಲಿನ ಅಂತಸ್ತಿನ ಮನೆಯಲ್ಲಿದ್ದರು. ಮೊಣಕಾಲು ಕೈಕೊಟ್ಟ ವರ್ಷ ಒಂದು ಟೆಲಿಸ್ಕೋಪನ್ನೂ ಅದಕ್ಕೆ ಹೊಂದುವ ಕ್ಯಾಮೆರಾವನ್ನೂ ತರಿಸಿಕೊಂಡರು.

ತಂಗಿ ಮೂಗು ಮುರಿದಳು. "ಈ ವಯಸ್ಸಲ್ಲಿ ನಕ್ಷತ್ರ ಎಣಿಸ್ತಾ ಕೂರ್ತೀಯಾ ಅಕ್ಕ?"

"ಎಣಿಸೋದಲ್ಲ ಕಣೇ, ಹಾಜರಿ ತಗೊಳ್ಳೋದು. ಹೊಸಬರು ಬಂದ್ರೆ ಗೊತ್ತಾಗ್ಬೇಕಲ್ಲ."

ಅವರು ಮಾಡುತ್ತಿದ್ದುದೂ ಅದನ್ನೇ. ಕತ್ತಲಾಗುತ್ತಲೇ ಟೆರೇಸಿಗೆ ಹೋಗಿ ದೂರದ ಗ್ಯಾಲಕ್ಸಿಗಳ ಫೋಟೊ ತೆಗೆಯುವುದು, ಬೆಳಿಗ್ಗೆ ಅದನ್ನು ಹಳೆಯ ಫೋಟೊದ ಪಕ್ಕದಲ್ಲಿಟ್ಟು ನೋಡುವುದು. ಅಲ್ಲೊಂದು ನಕ್ಷತ್ರ ಸಿಡಿದರೆ ಇಲ್ಲಿ ಹೊಸ ಚುಕ್ಕೆಯೊಂದು ಕಾಣಿಸಬೇಕು. ಅದೇ ಸೂಪರ್‌ನೋವಾ. ಹಿಂದಿನ ವರ್ಷ ಅಂಥದ್ದೊಂದು ಸಿಕ್ಕಿತೆಂದು ಆಕಾಶ ನೋಡುವ ಹವ್ಯಾಸಿಗಳ ಗುಂಪಿಗೆ ಬರೆದಿದ್ದರು. ಅದು ಅಡ್ಡ ಹಾದುಹೋದ ಕ್ಷುದ್ರಗ್ರಹ, ಬರಿ ಕಲ್ಲು. ಗುಂಪಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. "ನಕ್ಕಿದ್ದು ಮುಗೀತಾ? ನಾಳೆ ಮತ್ತೆ ನೋಡ್ತೀನಿ" ಎಂದು ಬರೆದು ಮಿಸ್ ಕಂಪ್ಯೂಟರ್ ಮುಚ್ಚಿದರು.

ಈ ವರ್ಷ, ಒಂದು ಬೆಳಿಗ್ಗೆ, ಊಟದ ಮೇಜಿನ ಮೇಲೆ ಎರಡು ಫೋಟೊ ಹೋಲಿಸುತ್ತಿದ್ದಾಗ ಅವರ ಕೈ ನಿಂತಿತು. ಗ್ಯಾಲಕ್ಸಿಯ ಅಂಚಿನಲ್ಲಿ ಒಂದು ಚುಕ್ಕೆ. ಹಳೆಯದರಲ್ಲಿ ಅದಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೂ ಇತ್ತು.

ಗುಂಪಿನ ಸಂಚಾಲಕ ಫೋನಿನಲ್ಲೇ ನಿಟ್ಟುಸಿರು ಬಿಟ್ಟ. "ಮತ್ತೆ ಕಲ್ಲೇ ಇರ್ಬೇಕು ಮೇಡಂ. ಇವತ್ತು ಇನ್ನೊಂದು ಫೋಟೊ ತೆಗೀರಿ. ಜಾಗ ಬಿಟ್ಟು ಸರಿದಿದ್ರೆ ಕಲ್ಲು. ಅಲ್ಲೇ ಇದ್ರೆ ಮಾತಾಡೋಣ."

ಸಂಜೆ ಟೆಲಿಸ್ಕೋಪ್ ಹೊತ್ತು ಮೆಟ್ಟಿಲು ಹತ್ತಿದರೆ ಟೆರೇಸಿನ ಬಾಗಿಲಿಗೆ ಹೊಸ ಬೀಗ. ಆ ಗ್ಯಾಲಕ್ಸಿ ಆಗಲೇ ಪಶ್ಚಿಮಕ್ಕೆ ವಾಲಿತ್ತು, ತಡವಾದರೆ ಮುಳುಗುತ್ತಿತ್ತು. ಮಿಸ್ ಮೆಟ್ಟಿಲಲ್ಲೇ ನಿಂತು ಸೀಟಿ ಊದಿದರು. ಒಂದೊಂದೇ ಮನೆಯ ಬಾಗಿಲು ತೆರೆಯಿತು. ಕಟ್ಟಡದ ಸಂಘದ ಸೆಕ್ರೆಟರಿ ಏದುಸಿರು ಬಿಡುತ್ತ ಓಡಿಬಂದ. ಹಿಂದೊಮ್ಮೆ ಅವನೂ ಅವರ ಕೈಯಲ್ಲಿ ಮೈದಾನ ಸುತ್ತಿದವನೇ.

"ಬೀಗ ತೆಗಿಯೋ."

"ನಿಮ್ಮ ಒಳ್ಳೇದಕ್ಕೇ ಮಿಸ್. ಬಿದ್ದುಗಿದ್ದೀರಿ ಅಂತ..."

"ಬಿದ್ರೆ ಏಳ್ತೀನಿ. ನಿಂಗೆ ಕಲಿಸಿದ್ದೂ ಅದನ್ನೇ ಅಲ್ವಾ? ತೆಗಿ."

ಅವನು ಅತ್ತಿತ್ತ ನೋಡಿದ. ಹಿಂದಿನಿಂದ ತಂಗಿಯ ದನಿ ಬಂತು. "ಅವನನ್ನ ಬೈಬೇಡ ಅಕ್ಕ. ಹಾಕ್ಸಿದ್ದು ನಾನೇ. ಹೋದ ತಿಂಗಳು ನೀನು ಮೆಟ್ಟಿಲಲ್ಲಿ ಜಾರಿದ್ದು ನೋಡಿದೆ. ಅವತ್ತಿಂದ ನಂಗೆ ನಿದ್ದೆ ಇಲ್ಲ."

ಮಿಸ್‌ಗೆ ಸಂಚಾಲಕನ ನಿಟ್ಟುಸಿರು, ಗುಂಪಿನವರ ನಗು ಯಾವುದೂ ಇಷ್ಟು ನಾಟಿರಲಿಲ್ಲ. ಆದರೂ ಪಟ್ಟು ಬಿಡಲಿಲ್ಲ.

"ಭಯ ಆದ್ರೆ ಜೊತೆಗೆ ಬಾ, ಕೈ ಹಿಡ್ಕೋ. ಬೀಗ ಹಾಕ್ಬೇಡ. ಬೀಗ ಹಾಕ್ಸಿಕೊಂಡು ಬದುಕೋಕೆ ನಾನೇನು ಬೀರುನಾ?"

ತಂಗಿ ಕಣ್ಣೊರೆಸಿಕೊಂಡು ಟೆಲಿಸ್ಕೋಪಿನ ಕಾಲುಗಳನ್ನು ಎತ್ತಿಕೊಂಡಳು. ಸೆಕ್ರೆಟರಿ ತೆಪ್ಪಗೆ ಬೀಗ ತೆಗೆದ. ಟೆರೇಸಿನ ಮೇಲೆ ಸಂಘದವರು ಹಾಕಿಸಿದ್ದ ದೊಡ್ಡ ದೀಪ ಕಣ್ಣು ಕುಕ್ಕುತ್ತಿತ್ತು. ತಂಗಿಯೇ ಹೋಗಿ ಅದರ ಸ್ವಿಚ್ ಆರಿಸಿದಳು. ಯಾರನ್ನೂ ಕೇಳಲಿಲ್ಲ.

ಫೋಟೊ ಬಂತು. ಚುಕ್ಕೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಸಂಚಾಲಕ ಈ ಸಲ ನಿಟ್ಟುಸಿರು ಬಿಡಲಿಲ್ಲ. ವರದಿಯನ್ನು ದೊಡ್ಡ ವೀಕ್ಷಣಾಲಯಕ್ಕೆ ಕಳಿಸಿದ. ಆ ವಾರವೇ ಅಲ್ಲಿನ ವಿಜ್ಞಾನಿಯೊಬ್ಬಳು ಫೋನ್ ಮಾಡಿದಳು. ಚುಕ್ಕೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದ್ದರಂತೆ. ಹೈಡ್ರೋಜನ್‌ನ ಗುರುತಿಲ್ಲ, ಸಿಲಿಕಾನ್‌ನ ಗುರುತು ಎದ್ದು ಕಾಣುತ್ತಿದೆ. "ಸೂಪರ್‌ನೋವಾನೇ ಮೇಡಂ, ಅನುಮಾನ ಬೇಡ. ಉರಿದು ಮುಗಿದ ಪುಟ್ಟ ನಕ್ಷತ್ರವೊಂದು ಪೂರ್ತಿ ಸಿಡಿದಿದೆ. ಆ ಬೆಳಕು ಅಲ್ಲಿಂದ ಹೊರಟು ಆರು ಕೋಟಿ ವರ್ಷ ಆಯ್ತು."

"ಅಷ್ಟು ದೂರದಿಂದ ಬಂದಿದ್ದನ್ನ ನಮ್ಮ ಗುಂಪಿನೋರು ಕಲ್ಲು ಅಂದ್ರಲ್ಲಮ್ಮ!" ಎಂದರು ಮಿಸ್. ಆಮೇಲೆ ಫೋನಿಟ್ಟು, ತಂಗಿಯ ಹೆಗಲಿಗೆ ಮುಖ ಒತ್ತಿ, ಬಹಳ ಹೊತ್ತು ಅತ್ತರು.

ಸಂಘದವರು ಸನ್ಮಾನ ಎಂದು ಓಡಾಡಿದರು. ಮಿಸ್ ಸಭೆಗೆ ಹೋಗಿ, ಮೈಕು ಪಕ್ಕಕ್ಕೆ ಸರಿಸಿ ಹೇಳಿದರು: "ಹಾರ ನೀವೇ ಹಾಕ್ಕೊಳ್ಳಿ. ನಂಗೆ ಟೆರೇಸಿನ ಬೀಗದ ಕೈ ಕೊಡಿ. ಆ ದೀಪ ಆರಿಸಿ."

ಬೀಗದ ಕೈ ಅಲ್ಲೇ ಸಿಕ್ಕಿತು. ದೀಪದ ವಿಷಯಕ್ಕೆ ದೊಡ್ಡ ಗಲಾಟೆಯೇ ಆಯಿತು: ಕಳ್ಳರ ಭಯವೆಂದು ಕೆಳಗಿನ ಮನೆಗಳವರು, ಕಳ್ಳ ಆಕಾಶದಿಂದ ಇಳೀತಾನಾ ಎಂದು ತಂಗಿ. ಅದಿನ್ನೂ ತೀರ್ಮಾನವಾಗಿಲ್ಲ. ಮುಂದಿನ ಸಭೆಗೆ ಅಕ್ಕತಂಗಿಯರಿಬ್ಬರೂ ಮೊದಲ ಸಾಲಿನಲ್ಲೇ ಕೂರುವುದಾಗಿ ಸೆಕ್ರೆಟರಿಗೆ ಹೇಳಿಕಳಿಸಿದ್ದಾರೆ.