ಮೊದಲ ಭಾನುವಾರದ ಮೇಜು

ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನಿಂದ ಕರ್ತನ ಭೋಜನ ನಡೆಸಲು ಆಗಲಿಲ್ಲ. ಕೆ.ಜಿ.ಎಫ್‌ನ ಆಂಡರ್ಸನ್‌ಪೇಟೆಯ ನಮ್ಮ ಸಣ್ಣ ಸಭೆಗೆ ನಾನೇ ಪಾಸ್ಟರು. ಅವಳ ಕೊನೆಯ ದಿನಗಳಲ್ಲಿ ಹಾಸಿಗೆ ಪಕ್ಕ ಕೂತು, ಆ ಭೋಜನದ ರೊಟ್ಟಿಯ ಚೂರೊಂದನ್ನು ದ್ರಾಕ್ಷಾರಸದಲ್ಲಿ ಅದ್ದಿ ತುಟಿಗೆ ಇಟ್ಟಿದ್ದೆ. ಅವಳಿಗೆ ನುಂಗಲಾಗಲಿಲ್ಲ. ನಾನೇ ಒರೆಸಿದೆ. ಆಮೇಲೆ ರೊಟ್ಟಿ ಕೈಗೆತ್ತಿಕೊಳ್ಳುವುದನ್ನು ನೆನೆಸಿಕೊಂಡರೂ ಆ ತುಟಿಯೇ ಕಣ್ಣಮುಂದೆ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಸಾವಿನ ಮುಂದೆ ನಿಂತು ಸಮಾಧಾನ ಹೇಳಿ ಬಂದವನು ನಾನು. ನನ್ನ ಮನೆಗೆ ಅದು ಬಂದಾಗ ಆ ಮಾತುಗಳಲ್ಲಿ ಒಂದೂ ನನ್ನ ನೆರವಿಗೆ ಬರಲಿಲ್ಲ.

ಸೇವೆ ಬಿಟ್ಟುಬಿಡುತ್ತೇನೆ ಎಂದು ಸಭೆಯ ಇಬ್ಬರು ಹಿರಿಯರನ್ನು ಕರೆದು ಹೇಳಿದೆ. ಒಬ್ಬರು ಬಂಗಾರಪೇಟೆ ಆಚೆಯ ಹಳ್ಳಿಯವರು. ಹಸು ಕಟ್ಟಿಕೊಂಡು ಬದುಕಿದವರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಆರಾಧನೆಗೆ ಬರುವವರು. ಇನ್ನೊಬ್ಬರು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್‌ಮನೆಯಲ್ಲಿ ಹುಟ್ಟಿದ ಹೆಂಗಸು, ರಾಬರ್ಟ್‌ಸನ್‌ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವರು. ಆಕೆಯ ಮಾತು ಮೂರು ಭಾಷೆಯಲ್ಲಿ, ಪ್ರಾರ್ಥನೆ ಮಾತ್ರ ತಮಿಳಿನಲ್ಲಿ. ನನ್ನ ಮಾತನ್ನು ಇಬ್ಬರೂ ಪೂರ್ತಿ ಕೇಳಿಸಿಕೊಂಡರು. ಮಧ್ಯಾಹ್ನಕ್ಕೆ ಊಟ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿ ಎದ್ದು ಹೋದರು. ನನಗೆ ರೇಗಿತು. ಒಬ್ಬ ಮನುಷ್ಯ ಬದುಕಿನ ದೊಡ್ಡ ನಿರ್ಧಾರ ಹೇಳುತ್ತಿದ್ದರೆ ಇವರಿಗೆ ಸಾರಿನ ಚಿಂತೆ.

ಮುಂದಿನ ಭಾನುವಾರದಿಂದ ಇಬ್ಬರೂ ಸಭೆಯನ್ನು ಹೊತ್ತುಕೊಂಡರು. ಆಕೆ ಕೀರ್ತನೆ ಹಾಡಿಸಿ ಪ್ರಾರ್ಥನೆ ನಡೆಸುತ್ತಿದ್ದರು. ವಾರದ ನಡುವೆ ಕಾಯಿಲೆಯವರ ಮನೆಗಳಿಗೆ ಹೋಗಿಬರುತ್ತಿದ್ದರು. ಹಳ್ಳಿಯ ಹಿರಿಯರು ಪ್ರಸಂಗ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂರುತ್ತಿದ್ದೆ. ಒಮ್ಮೆ ಆ ಹಿರಿಯರು ಯೇಸು ಹೇಳಿದ, ತಪ್ಪಿಸಿಕೊಂಡ ಕುರಿಯ ಕತೆ ಎತ್ತಿಕೊಂಡು, ಕುರಿಯ ಸಂಗತಿ ತಮಗೆ ಅಷ್ಟು ತಿಳಿಯದು ಎಂದು ಒಪ್ಪಿಕೊಂಡು, ಅದನ್ನು ಹಸು ಮಾಡಿಬಿಟ್ಟರು. ಕಟ್ಟು ಕಿತ್ತುಕೊಂಡು ಹೋದ ಹಸು ಯಾರ ರಾಗಿ ಹೊಲಕ್ಕೆ ನುಗ್ಗಿತು, ಹೊಲದವನು ಏನೇನು ಬೈದ ಎಂಬುದೆಲ್ಲ ವಿವರವಾಗಿ ಬಂತು. ಎಳೆಯರು ಮುಸಿಮುಸಿ ನಕ್ಕರು. ನಾನು ತುಟಿ ಬಿಗಿಹಿಡಿದು ಕೂತಿದ್ದೆ. ಆದರೆ ಮನೆಗೆ ಬಂದ ಮೇಲೂ ಆ ಹಸು ನನ್ನ ತಲೆಯಿಂದ ಹೋಗಲಿಲ್ಲ.

ಹಿರಿಯರು ಏನು ಬೇಕಾದರೂ ನಡೆಸಬಹುದು. ಕರ್ತನ ಭೋಜನವನ್ನು ಮಾತ್ರ ಅಭಿಷೇಕವಾದ ಪಾಸ್ಟರೇ ಕೊಡಬೇಕು ಎಂಬುದು ನಮ್ಮ ಸಭೆಯ ಕ್ರಮ. ಬೇರೆ ಸಭೆಯಿಂದ ಯಾರನ್ನಾದರೂ ಕರೆಸಿ ಎಂದು ನಾನೇ ಹೇಳಿದ್ದೆ. ನೋಡೋಣ ಅಂದರು, ಕರೆಸಲಿಲ್ಲ. ಬದಲಿಗೆ ಭೋಜನದ ದಿನವಾದ ತಿಂಗಳ ಮೊದಲ ಭಾನುವಾರ ಬಂತೆಂದರೆ ಆಕೆ ಮನೆಯಲ್ಲಿ ಹುಳಿಯಿಲ್ಲದ ರೊಟ್ಟಿ ಸುಟ್ಟು, ಒಣದ್ರಾಕ್ಷಿ ಕುದಿಸಿ ರಸ ಸೋಸಿ ತರುತ್ತಿದ್ದರು. ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ ಬಿಳಿ ಬಟ್ಟೆ ಮುಚ್ಚುತ್ತಿದ್ದರು. ಪ್ರಸಂಗ ಮುಗಿದ ಮೇಲೆ ಸಭೆಯೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿತ್ತು. ಒಬ್ಬರೂ ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಿರಲಿಲ್ಲ. ಆಮೇಲೆ ಕೊನೆಯ ಪ್ರಾರ್ಥನೆ. ಆಕೆ ಬಟ್ಟೆ ತೆಗೆಯದೆ, ತಂದದ್ದನ್ನೆಲ್ಲ ಹಾಗೇ ಒಳಗೆ ಒಯ್ಯುತ್ತಿದ್ದರು.

ಮೊದಮೊದಲು ಇದು ನನ್ನನ್ನು ಚುಚ್ಚಲೆಂದೇ ಮಾಡುವ ಕೆಲಸ ಅನ್ನಿಸಿತು. ಇನ್ನು ಮೇಜು ಹಾಕಬೇಡಿ ಎಂದು ಆಕೆಗೆ ಗಡುಸಾಗಿಯೇ ಹೇಳಿದೆ. ಸರಿ ಅಯ್ಯಾ ಅಂದರು. ಮುಂದಿನ ತಿಂಗಳು ಮತ್ತೆ ಹಾಕಿದರು.

ಹೀಗೇ ಮಳೆಗಾಲ ಕಳೆದು ಚಳಿ ಬಂತು. ಒಂದು ಮೊದಲ ಭಾನುವಾರ, ಪ್ರಸಂಗ ಮುಗಿದು ಎಲ್ಲರೂ ಸುಮ್ಮನೆ ಕೂತಿದ್ದಾಗ ನಾನು ಎದ್ದೆ. ಯಾಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ದುಃಖವೇನೂ ಕಡಿಮೆಯಾಗಿರಲಿಲ್ಲ. ಇಷ್ಟು ಜನ ನನಗಾಗಿ ಸುಮ್ಮನೆ ಕೂತಿದ್ದಾರಲ್ಲ ಎಂಬುದನ್ನು ಆವತ್ತು ತಡೆದುಕೊಳ್ಳಲಾಗಲಿಲ್ಲ, ಅಷ್ಟೇ. ಮೇಜಿನ ಹತ್ತಿರ ಹೋಗಿ ಬಟ್ಟೆ ಸರಿಸಿದೆ. ರೊಟ್ಟಿ ಎತ್ತಿಕೊಂಡೆ. ಬಾಯಿ ತೆರೆದೆ. ರೊಟ್ಟಿ ಮುರಿಯುವಾಗ ಅಷ್ಟು ವರ್ಷ ಹೇಳಿಬಂದ ಮಾತು ಹೊರಡಲಿಲ್ಲ. ಅಲ್ಲಿದ್ದ ಎಲ್ಲರಿಗೂ ಆ ಮಾತು ಬಾಯಿಪಾಠ, ಆದರೂ ಯಾರೂ ಎತ್ತಿಕೊಡಲಿಲ್ಲ. ಹಳ್ಳಿಯ ಹಿರಿಯರು ಮೆಲ್ಲಗೆ ಬಂದು ನನ್ನ ಪಕ್ಕ ನಿಂತರು.

"ನಿಧಾನ್ವಾಗೇ ಆಗ್ಲಿ ಅಯ್ಯ," ಅಂದರು. "ನಾವೆಲ್ಗೂ ಓಗಲ್ಲ."

ನಿಧಾನವಾಗಿಯೇ ಆಯಿತು. ಅಳುತ್ತಲೇ ಹೇಳಿ ಮುಗಿಸಿ ರೊಟ್ಟಿ ಮುರಿದೆ. ಮೊದಲು ಹಿರಿಯರಿಗೆ ಕೊಡುವುದು ವಾಡಿಕೆ. ಇಬ್ಬರೂ ಮೊಣಕಾಲೂರಿ ಕೈ ಚಾಚಿದರು. ಆಕೆಯ ಅಂಗೈಯಲ್ಲಿ ರೊಟ್ಟಿ ಇಟ್ಟೆ. ಆಕೆ ಅದನ್ನು ತಕ್ಷಣ ಬಾಯಿಗಿಡದೆ, ಎರಡೂ ಕೈಯಲ್ಲಿ ಮುಚ್ಚಿ ಎದೆಗೆ ಒತ್ತಿಕೊಂಡರು. ಆಗ ನನಗೆ ಹೊಳೆಯಿತು, ಇಷ್ಟು ತಿಂಗಳು ಇವರೂ ಇದಿಲ್ಲದೆ ಇದ್ದವರೇ.

ಆರಾಧನೆ ಮುಗಿದು ಆಕೆ ಲೋಟಗಳನ್ನು ತೊಳೆಯುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ. ಕೆ.ಜಿ.ಎಫ್‌ನಲ್ಲಿ ಬೀದಿಗೊಂದು ಚರ್ಚಿದೆ. ಒಂದು ಭಾನುವಾರ ಎಲ್ಲಿಗಾದರೂ ಹೋಗಿ ಭೋಜನ ತೆಗೆದುಕೊಂಡು ಬರಬಹುದಿತ್ತಲ್ಲ, ಯಾರೂ ಯಾಕೆ ಹೋಗಲಿಲ್ಲ? ಆಕೆ ತಲೆ ಎತ್ತದೆ ಲೋಟ ಒರೆಸುತ್ತಲೇ ಇದ್ದರು.

"ಮನೇಲಿ ಒಬ್ರು ಉಣ್ದೆ ಕುಂತಿದ್ರೆ," ಅಂದರು, "ಮಿಕ್ಕೋರಿಗೆ ಅನ್ನ ಇಳೀತದಾ ಅಯ್ಯಾ?"