ಡಾಕ್ಟರು ಹೇಳಿದ್ದನ್ನ ನಾಲ್ಕು ತಿಂಗಳು ನುಂಗಿಕೊಂಡೆ

ನನ್ನ ಎಡಗಣ್ಣಿನ ರೆಪ್ಪೆ ಇವತ್ತಿಗೂ ಪೂರ್ತಿ ಮೇಲೇಳೋದಿಲ್ಲ. ಕನ್ನಡಿ ನೋಡಿದಾಗಲೆಲ್ಲ ನಮ್ಮಣ್ಣನ ಮೇಲೆ ಮೈಯೆಲ್ಲ ಉರಿಯುತ್ತೆ. ಗಂಡ ಸತ್ತ ಮೇಲೆ ಶೆಟ್ಟಿಕೆರೆ ಹತ್ತಿರದ ತವರಿಗೆ ಬಂದು, ಅವನ ಮನೆ ಪಕ್ಕದಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡಿದ್ದೀನಿ. ಅವನ ಕೊಬ್ಬರಿ ಕೆಲಸದಲ್ಲಿ ನಾನೂ ಒಂದು ಆಳು.

ಅವತ್ತು ತಿಪಟೂರು ಮಾರ್ಕೆಟ್ಟಲ್ಲಿ ಟೆಂಡರ್, ಅಂದರೆ ಕೊಬ್ಬರಿ ಹರಾಜು. ಟೆಂಡರ್ ದಿನ ಅಂದರೆ ಮನೇಲಿ ಹೆಣ ಇದ್ದರೂ ಮಾಲು ಹೋಗಲೇಬೇಕು ನಮ್ಮಣ್ಣನಿಗೆ. ಕೊಬ್ಬರಿ ಆರಿಸ್ತಾ ಕೂತಿದ್ದೆ, ತಲೆಯೊಳಗೆ ಏನೋ ಫಟ್ ಅಂತು. ಅಯ್ಯೋ ಶಿವನೇ, ಅಂಥ ನೋವು ಹೆರಿಗೇಲೂ ಕಂಡಿರಲಿಲ್ಲ. ವಾಂತಿ ಆಯ್ತು, ಕತ್ತು ಸೆಟೆದುಕೊಂಡಿತು. ಅಣ್ಣ ಬಂದು ನೋಡಿ, "ಅಟ್ಟದ ಘಾಟು ಹೊಡೆದೈತೆ ಕಣೇ. ನೆತ್ತಿಗೆ ಎಣ್ಣೆ ಹಾಕ್ಕೊಂಡು ಮಲಗು, ಸರಿಹೋಯ್ತದೆ" ಅಂದ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸುವಾಗ ಆ ಮುಗ್ಗಲು ವಾಸನೆಗೆ ನಮ್ಮ ಕಡೆ ಎಲ್ಲರಿಗೂ ತಲೆ ಹಿಡಿಯುತ್ತೆ, ನಿಜ. ಆದರೆ ನನ್ನ ಒಂದು ಕಣ್ಣು ಮುಚ್ಚಿಹೋಗ್ತಿತ್ತು. "ಅಣ್ಣಾ, ಆಸ್ಪತ್ರೆಗೆ ಕರ್ಕೊಂಡು ಹೋಗೋ" ಅಂತ ಅವನ ಪಂಚೆ ಹಿಡಿದುಕೊಂಡೆ. ಪಂಚೆ ಬಿಡಿಸಿಕೊಂಡು ಮಾಲಿನ ಗಾಡಿ ಹತ್ತಿ ಹೋದ. ಅತ್ತಿಗೆಯೇ ಪಕ್ಕದ ಮನೆಯವರ ಕಾರಿಗೆ ನನ್ನನ್ನ ಹೊತ್ತು ಹಾಕಿದಳು.

ಮೆದುಳಿನ ರಕ್ತನಾಳ ಉಬ್ಬಿ ಒಡೆದಿದೆ, ಉಬ್ಬಿದ್ದರ ಬಾಯಿ ಅಗಲ, ಕಷ್ಟದ ಕೇಸು ಅಂದರು ಬೆಂಗಳೂರಲ್ಲಿ. ತಲೆ ಕೊಯ್ಯಲಿಲ್ಲ. ತೊಡೆಸಂದಿಯ ನಾಳದಿಂದ ಸಣ್ಣ ಕೊಳವೆ ಮೇಲಕ್ಕೆ ಕಳಿಸಿ, ಸ್ಟೆಂಟ್ ಕೂರಿಸಿ, ಆ ಉಬ್ಬಿನ ತುಂಬ ಕೂದಲೆಳೆಯಂಥ ತಂತಿ ಸುರುಳಿ ತುಂಬಿದರು. ಬದುಕಿಕೊಂಡೆ. ಮನೆಗೆ ಕಳಿಸೋ ದಿನ ಡಾಕ್ಟರು, "ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತೇನಮ್ಮ?" ಅಂದರು. ನಮ್ಮವ್ವನಿಗೂ ಇದೇ ಆಗಿತ್ತಂತೆ. ನನ್ನ ಕಾಗದಗಳ ಜೊತೆ ಊರಿಂದ ಬಂದಿದ್ದ ಅವ್ವನ ಹಳೇ ಸ್ಕ್ಯಾನ್ ಚೀಟಿ ತೋರಿಸಿದೆ. "ಹಾಗಾದ್ರೆ ನಿಮ್ಮಣ್ಣಂಗೂ ಇರಬಹುದು. ತಡಮಾಡದೆ ಸ್ಕ್ಯಾನ್ ಮಾಡಿಸಿ." ಅತ್ತಿಗೆ ಮಾತ್ರೆ ತರೋಕೆ ಹೋಗಿದ್ದಳು. ಹೂಂ ಅಂದೆ.

ಊರಿಗೆ ಬಂದು ನೋಡ್ತೀನಿ, ನನ್ನ ಮಾತಾಡಿಸೋಕೆ ಬಂದವರ ಮುಂದೆಲ್ಲ "ನಾನು ತಡ ಮಾಡಿದ್ರೆ ಇವಳು ಉಳೀತಿರಲಿಲ್ಲ ಕಣ್ರೀ" ಅಂತ ಅಣ್ಣ ಕೊಚ್ಕೋತಿದ್ದಾನೆ! ಥೂ ಇವನ! ಇರು, ನಿಂಗೂ ಆಗಲಿ ಅಂದುಕೊಂಡೆ. ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಅವನು ಹಣೆ ಒತ್ತಿಕೊಂಡರೆ ಸಾಕು, ಆಸೆಯಿಂದ ನೋಡ್ತಿದ್ದೆ. ಪಾಪ ಗೀಪ ಏನೂ ಅನ್ನಿಸಲಿಲ್ಲ.

ಆದರೆ ಅತ್ತಿಗೆ ದಿನಾ ಬಂದು ನನ್ನ ತಲೆ ಬಾಚಿ, ಮಾತ್ರೆ ನುಂಗಿಸಿ ಹೋಗೋಳು. ಒಂದಿನ ಅವಳ ಹಣೆಯ ಕುಂಕುಮ ನೋಡ್ತಾ ಕೂತಿದ್ದೆ. ಇವಳೂ ನನ್ನ ಹಾಗೆ ಬೋಳು ಹಣೇಲಿ ಕೂರೋದನ್ನ ನೆನೆಸಿಕೊಂಡು ತಡೀಲಾಗಲಿಲ್ಲ, ಹೇಳಿಬಿಟ್ಟೆ. ಈಗ ನೆನಪಾಯ್ತು ಅಂತ ಒಂದು ಸುಳ್ಳೂ ಸೇರಿಸಿದೆ.

ಮೂವರೂ ಹೋದೆವು. ಸ್ಕ್ಯಾನ್ ಕೋಣೆ ಹೊರಗೆ ಅಣ್ಣ ಅತ್ತಿಗೆಯ ಸೆರಗು ಹಿಡಿದುಕೊಂಡು ಕೂತಿದ್ದ. ನೋಡಿ ನನ್ನ ಹೊಟ್ಟೆ ತಣ್ಣಗಾಯ್ತು. ಆಮೇಲೆ ಡಾಕ್ಟರು, "ಏನೂ ಇಲ್ಲ, ನೆಮ್ಮದಿಯಾಗಿ ಹೋಗಿ" ಅಂದರು. ಅಣ್ಣ ಮುಖ ಮುಚ್ಚಿಕೊಂಡು ಅತ್ತ.

"ಸರಿಯಾಗಿ ನೋಡಿದ್ರಾ ಸಾರ್? ಇನ್ನೊಂದ್ಸಲ ನೋಡಿ" ಅಂತ ನನ್ನ ಬಾಯಿಂದ ಬಂದೇಬಿಡ್ತು.

ಅತ್ತಿಗೆ ತಿರುಗಿ ನನ್ನ ಮುಖ ನೋಡಿದಳು. "ಡಾಕ್ಟ್ರು ಹೇಳಿದ್ದು ನಿಂಗೆ ನಿಜವಾಗ್ಲೂ ಮರೆತುಹೋಗಿತ್ತೇನೇ?" ಅಂತ ಮೆಲ್ಲಗೆ ಕೇಳಿದಳು.

ನಿಜ ಹೇಳಿದೆ. ಅಣ್ಣ ಬದುಕಿದೆ ಅನ್ನೋ ಖುಷೀಲಿ ಅದನ್ನ ಅವತ್ತೇ ಮರೆತ. ಅತ್ತಿಗೆ ಇವತ್ತಿಗೂ ನನ್ನ ಜೊತೆ ಮಾತಾಡೋದಿಲ್ಲ.