ಎರಡೂ ಕಡೆ ಗೆದ್ದು ರಾಜಾಜಿನಗರದಲ್ಲಿ ಕಾಯುತ್ತಿದ್ದೇನೆ

ಬೆಂಗಳೂರಿಗೆ ಹೋಗಿಬಂದ ನಮ್ಮ ಬಳ್ಳಾರಿಯವರೆಲ್ಲ ಹೇಳುವುದು ಒಂದೇ ಮಾತು: ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಈ ಮಾತಿಗೆ ಆಧಾರವೇನು? ನಾನು ರಾಜಾಜಿನಗರಕ್ಕೆ ಬಂದು ಮೂರು ವಾರವಾಯಿತು. ನನಗೊಂದು ಹೈಸ್ಕೂಲಿನಿಂದ ಟೀಚರ್ ಕೆಲಸದ ಕಾಗದ ಬರಬೇಕೆಂಬುದು ಇಡೀ ಬೀದಿಗೆ ಗೊತ್ತು. ಅಂಚೆಯವನು ಬೀದಿಯ ಆ ತುದಿಯಲ್ಲೇ ಸೈಕಲ್ಲು ನಿಲ್ಲಿಸಿ, "ಇವತ್ತೂ ಇಲ್ಲ ಕಣಮ್ಮಾ!" ಎಂದು ಕೂಗುತ್ತಾನೆ. ಬಾಗಿಲು ಬಾಗಿಲಲ್ಲಿ ಹೆಂಗಸರು ಲೊಚಗುಟ್ಟುತ್ತಾರೆ. ಬಳ್ಳಾರಿಯಲ್ಲಿ ನನ್ನ ಕಾಗದಕ್ಕೆ ಇಷ್ಟು ಜನ ಕಾದದ್ದುಂಟೆ?

ಮೊದಲ ಬೆಳಿಗ್ಗೆ ಬೆಚ್ಚಿಬಿದ್ದೆ, ಒಪ್ಪುತ್ತೇನೆ. ಸೈರನ್ನು ಕೂಗಿದಾಗ ಎಲ್ಲೋ ಬೆಂಕಿ ಬಿತ್ತೆಂದು ಹೊರಗೋಡಿದೆ. ಬೆಂಕಿಯಲ್ಲ, ಸೈಕಲ್ಲುಗಳು! ಕಾರ್ಖಾನೆಗೆ ಹೊರಟ ಗಂಡಸರು, ಹ್ಯಾಂಡಲಿಗೆ ತೂಗುವ ಊಟದ ಡಬ್ಬಿ, ತುದಿಮೊದಲಿಲ್ಲದ ಸಾಲು. ನಮ್ಮಲ್ಲಿ ಅಷ್ಟು ಗಂಡಸರು ಮಾತಿಲ್ಲದೆ ಒಟ್ಟಿಗೆ ನಡೆಯುವುದು ಹೆಣದ ಹಿಂದೆ ಮಾತ್ರ. ಸಾಲು ಮುಗಿಯುವವರೆಗೂ ಬಾಯಿ ಬಿಡದೆ ನಿಂತಿದ್ದೆ. ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ.

ನಾನಿರುವುದು ಅತ್ತೆಯ, ಅಂದರೆ ಅಪ್ಪನ ತಂಗಿಯ ಮನೆಯಲ್ಲಿ. ನಮ್ಮಲ್ಲಿ ಓಣಿಗೊಂದು ಹೆಸರು, ಆ ಹೆಸರಿನ ಹಿಂದೊಂದು ಹಳೆಯ ಜಗಳ. ಇಲ್ಲಿ ಬೀದಿಗೆ ಅಂಕಿ. ಉದ್ದದ ರಸ್ತೆ 'ಮೇನ್', ಅದಕ್ಕೆ ಅಡ್ಡ ಬಂದದ್ದು 'ಕ್ರಾಸ್'. ನಮ್ಮ ಕ್ರಾಸಿನಲ್ಲಿ ಅರ್ಧ ಮನೆಗಳಿಗೆ ಇನ್ನೂ ಸೂರಿಲ್ಲ, ಅಂಕಿ ಮಾತ್ರ ಆಗಲೇ ಬಂದು ಕೂತಿದೆ.

ಹಾಲು ತರುವವಳು ಕುರುಬರಹಳ್ಳಿಯ ಮುನಿಯಮ್ಮ. ಮೊದಲ ದಿನವೇ ಕೇಳಿದಳು, "ಎಲ್ಲಿ ನಿಂತಿದ್ದೀಯ ಗೊತ್ತೇನವ್ವಾ? ನಮ್ಮ ಅವರೆ ಸಾಲಿನ ಮ್ಯಾಲೆ."

ಅವರ ಹೊಲವೇ ಈ ಬಡಾವಣೆಯಾಗಿದೆ. "ನಮ್ಮನ್ನ ನೋಡಿದರೆ ಸಿಟ್ಟು ಬರಲ್ವಾ?" ಎಂದೆ.

"ಬತ್ತದೆ. ಅದಕ್ಕೆ ನಿಂಗೆ ಹಾಲು ಹುಯ್ಯದೆ ಇರಕ್ಕಾಯ್ತದಾ?"

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಇದಕ್ಕೆ ಪ್ರತಿವಾದ ಇನ್ನೂ ಹುಡುಕುತ್ತಿದ್ದೇನೆ.

ಆ ಅಭ್ಯಾಸವೇ ಸಂದರ್ಶನದಲ್ಲಿ ನನಗೇ ತಿರುಗಿಬಿತ್ತು. ತಗಡಿನ ಸೂರಿನ ಶಾಲೆ, ಇನ್ನೂ ಸುಣ್ಣದ ವಾಸನೆ. ಹೆಡ್‌ಮಾಸ್ಟರು, ಪಕ್ಕದಲ್ಲಿ ಕಮಿಟಿಯ ಇಬ್ಬರು. "ಮಕ್ಕಳಿಗೆ ಹೊಡೆಯಬೇಕೋ, ಬೇಡವೋ?" ಎಂದು ಕೇಳಿದರು. ಬೇಡ ಎಂದೆ. ಮನಸ್ಸಿನಲ್ಲಿದ್ದದ್ದೂ ಅದೇ. ಬೆತ್ತದಿಂದ ಮಗು ಕಲಿಯುವುದು ಪಾಠವನ್ನಲ್ಲ, ಬೆತ್ತವನ್ನು ಎಂದೆ. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು, "ಸರಿ, ಈಗ ಹೊಡೆಯಬೇಕು ಅಂತ ವಾದಿಸಿ, ನೋಡೋಣ" ಎಂದರು.

ಸ್ಪರ್ಧೆಯಲ್ಲಿ ಪರವೋ ವಿರೋಧವೋ, ಚೀಟಿ ಎತ್ತಿದ ಮೇಲೆ ಬಂದ ಕಡೆ ನಿಂತು ಗೆಲ್ಲಬೇಕು, ನಾನು ಕಲಿತದ್ದು ಅಷ್ಟೇ. ಗೆದ್ದೆ. ಅರವತ್ತು ಮಕ್ಕಳು, ಅವರ ಮನೆಗಳಲ್ಲಿ ನಾಲ್ಕು ಭಾಷೆ, ಒಬ್ಬಳೇ ಟೀಚರು, ಹೊರಗೆ ಕಾರ್ಖಾನೆಯ ಶಿಸ್ತು. ಎಲ್ಲವನ್ನೂ ಪೋಣಿಸಿ ಬೆತ್ತದ ತುದಿಗೆ ತಂದಿಟ್ಟೆ. ಕಮಿಟಿಯವರೊಬ್ಬರು ಮೇಜು ತಟ್ಟಿದರು. ಆ ಸದ್ದು ಕೇಳಿ ಹಿಗ್ಗಿದೆನಲ್ಲ, ಅದೇ ಈಗ ಚುಚ್ಚುತ್ತಿರುವುದು.

ಅತ್ತೆ ಊಟಕ್ಕೆ ಬಡಿಸುತ್ತ ಕೇಳಿದರು, "ಹಂಗಾದ್ರೆ ಕೆಲಸ ಸಿಕ್ಕಿದ್ರೆ ಬೆತ್ತ ಹಿಡ್ಕೊಂಡು ಹೋಗ್ತೀಯೇನೇ?"

"ಅದು ಬರೀ ವಾದ, ಅತ್ತೆ."

"ಕೇಳಿಸ್ಕೊಂಡೋರಿಗೆ ಅದು ಹೆಂಗೆ ಗೊತ್ತಾಗ್ಬೇಕು? ಅಯ್ಯೋ, ಮುದ್ದೆ ಅಗೀಬೇಡ್ವೇ, ನುಂಗು!"

ಅಗಿಯದೆ ನುಂಗುವುದು ನನಗೆ ಯಾವತ್ತೂ ಬಂದಿಲ್ಲ. ಜೋಳದ ರೊಟ್ಟಿಯವಳು.

ಬೀದಿಯವರಿಗೆ ಎರಡು ವಾದದ ಕಥೆಯೂ ಗೊತ್ತಾಗಿದೆ. ಮುನಿಯಮ್ಮನ ಮೊಮ್ಮಗಳು ರತ್ನ ಓದುವುದು ಅದೇ ಶಾಲೆಯಲ್ಲಿ. ಹೋದ ವರ್ಷ ಬೆತ್ತದೇಟಿಗೆ ಅಂಗೈ ಬಾತು ಎರಡು ದಿನ ತುತ್ತು ಎತ್ತಲಿಲ್ಲವಂತೆ. "ನಮ್ಮ ಮಗೀಗೆ ಹೊಡೆಯೋಳು ಬತ್ತಾಳೋ, ಹೊಡೀದೆ ಇರೋಳು ಬತ್ತಾಳೋ?" ಎಂದು ಮುನಿಯಮ್ಮ ನನ್ನ ಮುಖವನ್ನೇ ನೋಡಿದಳು. "ಹೊಡೀದೆ ಇರೋಳು" ಎಂದೆ. "ಅಂಗೇ ಅವರಿಗೂ ಹೇಳಿ ಬರ್ಬೇಕಾಗಿತ್ತು ತಾನೆ?" ಎಂದು ಚೊಂಬು ಎತ್ತಿಕೊಂಡು ಹೋದಳು.

ಶಾಲೆ ತೆರೆಯುವುದರೊಳಗೆ ಕಾಗದ ಬರದಿದ್ದರೆ ರೈಲು ಹತ್ತುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ನಾಲ್ಕು ದಿನ ಉಳಿದಿದೆ. ಗೆಳತಿ ಬಳ್ಳಾರಿಯಿಂದ "ನಿಮ್ಮ ಬೆಂಗಳೂರು ಹೇಗಿದೆ?" ಎಂದು ಬರೆಯುತ್ತಾಳೆ. ಮುನಿಯಮ್ಮ "ನಿಮ್ಮೂರಾಗೆ ಮಳೆ ಆಯ್ತಾ?" ಎಂದು ಬಳ್ಳಾರಿಯದನ್ನು ವಿಚಾರಿಸುತ್ತಾಳೆ. ಇಬ್ಬರೂ ನನ್ನನ್ನು ಇನ್ನೊಂದು ಕಡೆಗೆ ಬಿಟ್ಟುಕೊಟ್ಟಿದ್ದಾರೆ. ಯಾವ ಊರಿನ ಪರ ನಿಲ್ಲೆಂದರೂ ನಿಲ್ಲಬಲ್ಲೆ. ಯಾವುದು ಬರೀ ವಾದ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ.

ನಿನ್ನೆ ಸಂಜೆ ಮಾಗಡಿ ರಸ್ತೆಯಲ್ಲಿ ಹೆಡ್‌ಮಾಸ್ಟರು ಎದುರಾದರು. ನನ್ನನ್ನು ಕಂಡು ಸೈಕಲ್ಲಿನಿಂದ ಇಳಿದರು. ಅಷ್ಟು ದೊಡ್ಡವರು ನನಗಾಗಿ ರಸ್ತೆಯ ಧೂಳಿಗೆ ಇಳಿದು ನಿಂತದ್ದು ಕಂಡು ಎರಡೂ ಕೈ ಮುಗಿದೆ.

"ಕಾಗದ ಬರುತ್ತಮ್ಮ, ಸೋಮವಾರದ ಒಳಗೆ. ನಿಮ್ಮ ಮಾತು ಕಮಿಟಿಗೆ ತುಂಬಾ ಹಿಡಿಸಿಬಿಡ್ತು," ಎಂದು ನಕ್ಕು ಮತ್ತೆ ಪೆಡಲಿನ ಮೇಲೆ ಕಾಲಿಟ್ಟರು.

ನಾನು ಸೈಕಲ್ಲಿನ ಹಿಂದೆ ನಾಲ್ಕು ಹೆಜ್ಜೆ ಓಡಿದೆ.

"ಸಾರ್, ಯಾವ ಮಾತು? ಮೊದಲನೇದೋ, ಎರಡನೇದೋ?"